ಭುಜದ ಶಸ್ತ್ರಚಿಕಿತ್ಸೆಯ ನಂತರ ಹಿರಿಯ ಬೌಲರ್ ಮತ್ತೆ ಚೆಂಡು ಹಿಡಿಯಬಲ್ಲನೇ?

ನಮ್ಮ ವರದಿಗಾರರಿಂದ

ಗೋಕಾಕ: ಬೇಸಿಗೆ ಬಂತೆಂದರೆ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಬಯಲುಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್‌ನ ಭರಾಟೆ. ಒಂದೇ ದಿನ ಎರಡು ಮೂರು ಪಂದ್ಯ, ಹೊನಲು ಬೆಳಕಿನಲ್ಲಿ ಮತ್ತೊಂದು. ತಂಡದ ನೆಚ್ಚಿನ ಬೌಲರ್‌ಗೆ ಬಿಡುವೆಂಬುದೇ ಇಲ್ಲ. ಮೂವತ್ತರ ಆಸುಪಾಸಿಗೆ ಬರುವಷ್ಟರಲ್ಲಿ ಅಂತಹ ಆಟಗಾರನ ಬಾಯಿಂದ ಒಂದೇ ಮಾತು ಹೊರಡುತ್ತದೆ: 'ಭುಜ ಹೋಯ್ತ್ರಿ, ಇನ್ನೇನು ಬೌಲಿಂಗ್ ಮುಗೀತು.'

ಈ ಮಾತು ಎಷ್ಟರ ಮಟ್ಟಿಗೆ ನಿಜ? ಭುಜದ ಶಸ್ತ್ರಚಿಕಿತ್ಸೆಗೆ ಒಳಗಾದ ಅನುಭವಿ ಬೌಲರ್ ಮೈದಾನಕ್ಕೆ ಮರಳುವ ಸಾಧ್ಯತೆ ಎಷ್ಟು? ಈ ಪ್ರಶ್ನೆಯನ್ನು ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನ ಮಾಡಿರುವುದು ಅಮೆರಿಕದ ಬೇಸ್‌ಬಾಲ್ ವಲಯ. ಅದಕ್ಕೆ ಅತ್ಯಂತ ಆಶಾದಾಯಕವಾದ ಉತ್ತರ ಕೊಟ್ಟವರಲ್ಲಿ ಇಬ್ಬರು ನಮ್ಮ ಕರ್ನಾಟಕದವರೇ ಎಂಬುದು ವಿಶೇಷ. ಒಬ್ಬರು ಮೈಸೂರಿನ ಜಾವಗಲ್ ಶ್ರೀನಾಥ್, ಇನ್ನೊಬ್ಬರು ಬೆಂಗಳೂರಿನ ಅನಿಲ್ ಕುಂಬ್ಳೆ.

ಕೀಲಿನ ರಚನೆಯಲ್ಲೇ ಇದೆ ಸಮಸ್ಯೆ

ಮನುಷ್ಯ ದೇಹದ ಕೀಲುಗಳ ಪೈಕಿ ಅತ್ಯಂತ ಹೆಚ್ಚು ಚಲನೆಯುಳ್ಳದ್ದು ಭುಜದ ಕೀಲು. ತೋಳನ್ನು ಮುಂದಕ್ಕೆ, ಹಿಂದಕ್ಕೆ, ಮೇಲಕ್ಕೆ, ಸುತ್ತಲೂ ತಿರುಗಿಸಬಹುದು. ಈ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆಯೇ ಅಸ್ಥಿರತೆ. ತೊಡೆಯ ಮೂಳೆಯ ಗುಂಡು ಸೊಂಟದ ಆಳವಾದ ಬಟ್ಟಲಿನಲ್ಲಿ ಭದ್ರವಾಗಿ ಕುಳಿತಿರುತ್ತದೆ. ಭುಜದಲ್ಲಿ ಹಾಗಿಲ್ಲ. ಇಲ್ಲಿನ ಬಟ್ಟಲು ಆಳವಿಲ್ಲದ ತಟ್ಟೆಯಂತಿದ್ದು, ಅದಕ್ಕಿಂತ ದೊಡ್ಡದಾದ ಗುಂಡು ಅದರ ಮೇಲೆ ಆತುಕೊಂಡಿರುತ್ತದೆ.

ಗುಂಡು ಜಾರದಂತೆ ಕಾಯುವ ವ್ಯವಸ್ಥೆಗಳು ಮುಖ್ಯವಾಗಿ ಮೂರು. ಮೊದಲನೆಯದು, ತಟ್ಟೆಯ ಅಂಚಿಗೆ ಏರಿಯಂತೆ ಸುತ್ತುವರಿದಿರುವ 'ಲೇಬ್ರಮ್' ಎಂಬ ಗಡಸು ಅಂಗಾಂಶ. ಎರಡನೆಯದು, ಕೀಲನ್ನು ಚೀಲದಂತೆ ಆವರಿಸಿರುವ ಕೀಲುಚೀಲ ಹಾಗೂ ಅದರ ಬಂಧಕಗಳು. ಮೂರನೆಯದು, ನಾಲ್ಕು ಸ್ನಾಯುಗಳು ಮತ್ತು ಅವುಗಳ ರಜ್ಜುಗಳು ಸೇರಿ ಆದ 'ರೊಟೇಟರ್ ಕಫ್'. ತೋಳು ತಿರುಗುವಾಗ ಗುಂಡನ್ನು ತಟ್ಟೆಯ ನಡುವೆಯೇ ಒತ್ತಿ ಹಿಡಿಯುವ ಕೆಲಸ ಇದರದು.

ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಆಟಗಾರನಿಗೆ ಪಿಚರ್ ಎಂದು ಹೆಸರು. ಆತ ಸುಮಾರು 145 ಗ್ರಾಂ ತೂಕದ ಚೆಂಡನ್ನು 18.4 ಮೀಟರ್ ದೂರದ ಬ್ಯಾಟ್ಸ್‌ಮನ್‌ನತ್ತ ನೆಲಕ್ಕೆ ತಾಗಿಸದೆ ಎಸೆಯುತ್ತಾನೆ. ಆ ಕ್ಷಣದಲ್ಲಿ ಅವನ ಮೇಲ್ದೋಳು ಸೆಕೆಂಡಿಗೆ ಸುಮಾರು 7000 ಡಿಗ್ರಿ ವೇಗದಲ್ಲಿ ಒಳಮುಖವಾಗಿ ತಿರುಗುತ್ತದೆ. ಅದೇ ವೇಗ ಒಂದು ಸೆಕೆಂಡು ಮುಂದುವರಿದರೆ ತೋಳು 19ಕ್ಕೂ ಹೆಚ್ಚು ಸುತ್ತು ಹಾಕಬೇಕಾದೀತು! ಮನುಷ್ಯ ದೇಹದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದೆಂದು ಪರಿಗಣಿತವಾಗಿದೆ. ಚೆಂಡು ಕೈಬಿಟ್ಟ ಮೇಲೆ ತೋಳನ್ನು ಕೀಲಿನಿಂದ ಹೊರಗೆಳೆಯುವ ಬಲ ಆಟಗಾರನ ದೇಹದ ತೂಕದ ಆಸುಪಾಸಿನಲ್ಲಿರುತ್ತದೆ. ಆ ಬಲವನ್ನು ತಡೆದು ತೋಳಿಗೆ ಬ್ರೇಕ್ ಹಾಕಬೇಕಾದದ್ದು ಇದೇ ರೊಟೇಟರ್ ಕಫ್. ಸಾವಿರಾರು ಬಾರಿ ಬ್ರೇಕ್ ಹಾಕಿದ ರಜ್ಜು ಎಳೆಎಳೆಯಾಗಿ ಸವೆಯುವುದರಲ್ಲಿ ಆಶ್ಚರ್ಯವಿಲ್ಲ.

ಕ್ರಿಕೆಟ್ ಬೌಲರ್‌ಗೆ ಇರುವ ಅನುಕೂಲ

ಕ್ರಿಕೆಟ್ ಬೌಲರ್‌ನ ತೋಳು ಕೆಲಸ ಮಾಡುವ ಬಗೆ ಬೇರೆ. ನಿಯಮದ ಪ್ರಕಾರ ಆತ ಚೆಂಡೆಸೆಯುವಾಗ ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೇರಗೊಳಿಸುವಂತಿಲ್ಲ. ತೋಳು ಚಾಟಿಯಂತೆ ಬೀಸದೆ ಚಕ್ರದಂತೆ ಸುತ್ತುತ್ತದೆ. ವೇಗದ ಬೌಲರ್‌ಗೆ ಓಟದಿಂದಲೂ ಬಲ ದೊರೆಯುತ್ತದೆ. ಆದ್ದರಿಂದಲೇ ವೇಗಿಗಳನ್ನು ಅತಿ ಹೆಚ್ಚು ಕಾಡುವುದು ಬೆನ್ನುಮೂಳೆಯ ಬಿರುಕು; ಭುಜದ ಸರದಿ ಅನಂತರದ್ದು.

ಹಾಗೆಂದು ಭುಜ ಸುರಕ್ಷಿತವೆಂದು ಭಾವಿಸುವಂತಿಲ್ಲ. ಮೇಜರ್ ಲೀಗ್‌ನ ಪಿಚರ್ ಒಂದು ಪಂದ್ಯದಲ್ಲಿ ಸುಮಾರು ನೂರು ಚೆಂಡು ಎಸೆದು ನಾಲ್ಕೈದು ದಿನ ವಿಶ್ರಾಂತಿ ಪಡೆಯುತ್ತಾನೆ. ಟೆಸ್ಟ್ ಕ್ರಿಕೆಟ್‌ನ ಸ್ಪಿನ್ನರ್ ಒಂದೇ ದಿನ ಮೂವತ್ತು ಓವರ್, ಅಂದರೆ 180 ಎಸೆತ ಹಾಕಿ ಮರುದಿನ ಮತ್ತೆ ಅದೇ ಕೆಲಸಕ್ಕೆ ಇಳಿಯಬೇಕಾಗುತ್ತದೆ. ಜೊತೆಗೆ ಗಡಿರೇಖೆಯಿಂದ ವಿಕೆಟ್‌ಗೆ ಚೆಂಡೆಸೆಯುವ ಫೀಲ್ಡಿಂಗ್ ಕೆಲಸ. ಅಲ್ಲಿ ತೋಳು ಪಿಚರ್‌ನ ತೋಳಿನಂತೆಯೇ ಬೀಸುತ್ತದೆ.

ಶ್ರೀನಾಥ್ ಮತ್ತು ಕುಂಬ್ಳೆಯ ದೃಷ್ಟಾಂತ

1996-97ರ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿ ಭಾರತದ ದಾಳಿಯ ಹೊರೆಯನ್ನು ಹೊತ್ತವರು ಶ್ರೀನಾಥ್. ಅದರ ಬೆನ್ನಿಗೇ ಬಂದ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಅವರು ಆಡಲಾಗಲಿಲ್ಲ. ರೊಟೇಟರ್ ಕಫ್ ಗಾಯಕ್ಕೆ ಶಸ್ತ್ರಚಿಕಿತ್ಸೆ ಅನಿವಾರ್ಯವಾಗಿತ್ತು. ಆಗ ಅವರ ವಯಸ್ಸು 27. ಭಾರತದ ಪ್ರಮುಖ ವೇಗಿಯ ಕಥೆ ಮುಗಿಯಿತೆಂಬ ಆತಂಕ ಅಂದು ಸಹಜವಾಗಿಯೇ ಇತ್ತು.

ಆದರೆ ಆದದ್ದು ಬೇರೆ. 1997ರ ಕೊನೆಯಲ್ಲಿ ಅವರು ತಂಡಕ್ಕೆ ಮರಳಿದರು. 1999ರ ಫೆಬ್ರುವರಿಯಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ಎರಡನೇ ಇನಿಂಗ್ಸ್‌ನಲ್ಲಿ 86 ರನ್ನಿಗೆ 8 ವಿಕೆಟ್, ಪಂದ್ಯದಲ್ಲಿ ಒಟ್ಟು 13 ವಿಕೆಟ್ ಪಡೆದರು. ಅದು ಅವರ ಟೆಸ್ಟ್ ಜೀವನದ ಶ್ರೇಷ್ಠ ಬೌಲಿಂಗ್. ಅದೇ ವರ್ಷದ ವಿಶ್ವಕಪ್‌ನಲ್ಲಿ ಗಂಟೆಗೆ 150 ಕಿ.ಮೀ. ಆಸುಪಾಸಿನ ವೇಗ ದಾಖಲಿಸಿದರು. 2003ರ ವಿಶ್ವಕಪ್‌ನಲ್ಲಿ 33ರ ಹರೆಯದಲ್ಲಿ 16 ವಿಕೆಟ್ ಪಡೆದು ನಿವೃತ್ತರಾದರು. ಟೆಸ್ಟ್‌ನಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಅವರ ಹೆಸರಿನಲ್ಲಿವೆ.

ಕುಂಬ್ಳೆ ಅವರ ಕಥೆ ಇನ್ನೂ ಸ್ಪಷ್ಟವಾದ ಪಾಠ ಹೇಳುತ್ತದೆ. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಒಂದೇ ಇನಿಂಗ್ಸ್‌ನ ಹತ್ತೂ ವಿಕೆಟ್ ಕಬಳಿಸಿ ಕೀರ್ತಿಯ ಶಿಖರದಲ್ಲಿದ್ದ ಅವರನ್ನು ಮರುವರ್ಷವೇ ಭುಜದ ನೋವು ಕಾಡಿತು. 2001ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಆಗ ಅವರಿಗೆ 30 ವರ್ಷ. ಅವರಿಲ್ಲದೆಯೇ ಭಾರತ ಆಸ್ಟ್ರೇಲಿಯಾದ ವಿರುದ್ಧ ಐತಿಹಾಸಿಕ ಸರಣಿ ಗೆದ್ದಿತು. ಮೂರು ಟೆಸ್ಟ್‌ಗಳಲ್ಲಿ 32 ವಿಕೆಟ್ ಪಡೆದ ಹರಭಜನ್ ಸಿಂಗ್ ರಾತ್ರೋರಾತ್ರಿ ತಾರೆಯಾದರು. ಕುಂಬ್ಳೆಗೆ ಭುಜದ ಜೊತೆಗೆ ತಂಡದಲ್ಲಿನ ಸ್ಥಾನವನ್ನೂ ಮರಳಿ ಗಳಿಸಬೇಕಾದ ಸ್ಥಿತಿ.

ಆ ವರ್ಷದ ಕೊನೆಯಲ್ಲಿ, ಅಂದರೆ ಸುಮಾರು ಹತ್ತು ತಿಂಗಳ ಬಳಿಕ ಅವರು ಟೆಸ್ಟ್ ಕ್ರಿಕೆಟ್‌ಗೆ ಮರಳಿದರು. ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ತವರೂರು ಬೆಂಗಳೂರಿನಲ್ಲೇ 300ನೇ ಟೆಸ್ಟ್ ವಿಕೆಟ್ ಪಡೆದರು. 2004ರ ಅಕ್ಟೋಬರ್‌ನಲ್ಲಿ 400, 2006ರ ಮಾರ್ಚ್‌ನಲ್ಲಿ 500, 2008ರ ಜನವರಿಯಲ್ಲಿ ಪರ್ತ್‌ನಲ್ಲಿ 600. ನಿವೃತ್ತಿಯ ವೇಳೆಗೆ ಒಟ್ಟು 619. ಅವರ ವಿಕೆಟ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಬಂದದ್ದು ಹೊಲಿಗೆ ಹಾಕಿದ ಭುಜದಿಂದ! ಟೆಸ್ಟ್ ಜೀವನದಲ್ಲಿ ಆ ತೋಳು ಎಸೆದ ಚೆಂಡುಗಳ ಸಂಖ್ಯೆ 40,850.

ಮರಳಿದ ಕುಂಬ್ಳೆ ಹಳೆಯ ಕುಂಬ್ಳೆಯಾಗಿಯೇ ಉಳಿಯಲಿಲ್ಲ ಎಂಬುದನ್ನೂ ಗಮನಿಸಬೇಕು. ವೇಗದ, ಚಪ್ಪಟೆಯಾದ ಎಸೆತಗಳನ್ನೇ ನೆಚ್ಚಿಕೊಳ್ಳದೆ ವೇಗದಲ್ಲಿ ಏರಿಳಿತ ತಂದರು, ಗೂಗ್ಲಿಯನ್ನು ಹರಿತಗೊಳಿಸಿದರು. ವಿದೇಶದ ನೆಲದಲ್ಲಿ ಪರಿಣಾಮಕಾರಿಯಲ್ಲ ಎಂಬ ಟೀಕೆಗೆ 2003-04ರ ಆಸ್ಟ್ರೇಲಿಯಾ ಪ್ರವಾಸದ ಮೂರು ಟೆಸ್ಟ್‌ಗಳಲ್ಲಿ 24 ವಿಕೆಟ್ ಪಡೆದು ಉತ್ತರಿಸಿದರು.

ಆಸ್ಟ್ರೇಲಿಯಾದ ಶೇನ್ ವಾರ್ನ್ ಕೂಡ ಇದೇ ಹಾದಿಯಲ್ಲಿ ನಡೆದವರು. 1998ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಾಗಿ, 1999ರ ಆರಂಭದಲ್ಲಿ ಮರಳಿದಾಗ ಅವರ ಚೆಂಡು ಹಿಂದಿನಂತೆ ತಿರುಗಲಿಲ್ಲ. ವೆಸ್ಟ್ ಇಂಡೀಸ್‌ನಲ್ಲಿ ಒಂದು ಟೆಸ್ಟ್‌ನಿಂದ ಅವರನ್ನು ಕೈಬಿಡಲಾಯಿತು. ಆದರೆ ಕೆಲವೇ ವಾರಗಳಲ್ಲಿ ವಿಶ್ವಕಪ್‌ನ ಸೆಮಿಫೈನಲ್ ಮತ್ತು ಫೈನಲ್ ಎರಡರಲ್ಲೂ ಪಂದ್ಯಪುರುಷೋತ್ತಮರಾದರು. ಮರಳಿದ ಮೊದಲ ಕೆಲವು ತಿಂಗಳ ಆಟ ನೋಡಿ ತೀರ್ಪು ಕೊಡಬಾರದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವಿಲ್ಲ.

ಬೇಸ್‌ಬಾಲ್‌ನ ಕಹಿ ಸತ್ಯ

ಇನ್ನು ಪಿಚರ್‌ಗಳ ಲೋಕಕ್ಕೆ ಬಂದರೆ ಚಿತ್ರ ಅಷ್ಟು ಉಜ್ವಲವಲ್ಲ. ಖ್ಯಾತ ಶಸ್ತ್ರಚಿಕಿತ್ಸಕ ಜೇಮ್ಸ್ ಆ್ಯಂಡ್ರೂಸ್ ಮತ್ತು ಅವರ ಸಹೋದ್ಯೋಗಿ 2006ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ರೊಟೇಟರ್ ಕಫ್ ಪೂರ್ತಿ ಹರಿದು ಶಸ್ತ್ರಚಿಕಿತ್ಸೆಗೊಳಗಾದ 12 ವೃತ್ತಿಪರ ಪಿಚರ್‌ಗಳಲ್ಲಿ ಉನ್ನತ ಮಟ್ಟದ ಆಟಕ್ಕೆ ಮರಳಿದವನು ಒಬ್ಬನೇ. ಲೇಬ್ರಮ್ ಹರಿತದ ಬಗ್ಗೆ 2014ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾದ ಪಿಚರ್‌ಗಳ ಪೈಕಿ ಸುಮಾರು ಅರ್ಧದಷ್ಟು ಮಂದಿ ಮತ್ತೆ ಆಡಿದರು. ಆದರೆ ಹಳೆಯ ಸಾಮರ್ಥ್ಯವನ್ನು ಮರಳಿ ಪಡೆದವರು ಶೇ 7ರಷ್ಟು ಮಾತ್ರ.

ಇಲ್ಲಿ ಓದುಗರು ಒಂದು ವ್ಯತ್ಯಾಸವನ್ನು ಗಮನಿಸಬೇಕು. 'ಮತ್ತೆ ಆಡುವುದು' ಬೇರೆ, 'ಮೊದಲಿನಂತೆ ಆಡುವುದು' ಬೇರೆ. ವೈದ್ಯರು 'ಶಸ್ತ್ರಚಿಕಿತ್ಸೆ ಯಶಸ್ವಿ' ಎಂದಾಗ ಅದರ ಅರ್ಥ ಹರಿದದ್ದು ಕೂಡಿಕೊಂಡಿದೆ ಎಂದಷ್ಟೇ. ಮೊಣಕೈ ಬಂಧಕದ ಶಸ್ತ್ರಚಿಕಿತ್ಸೆ ವಿಚಾರದಲ್ಲಿ ಪರಿಸ್ಥಿತಿ ಉತ್ತಮ. 1974ರಲ್ಲಿ ಟಾಮಿ ಜಾನ್ ಎಂಬ ಪಿಚರ್‌ಗೆ ಮೊದಲ ಬಾರಿ ನಡೆದು ಅವನ ಹೆಸರಿನಿಂದಲೇ ಪ್ರಸಿದ್ಧವಾದ ಆ ಚಿಕಿತ್ಸೆಯ ನಂತರ ಬಹುಪಾಲು ಆಟಗಾರರು ಮರಳುತ್ತಾರೆ. ಅಲ್ಲಿ ಹರಿದ ಒಂದು ಬಂಧಕದ ಜಾಗದಲ್ಲಿ ಬೇರೊಂದು ರಜ್ಜುವನ್ನು ಕಟ್ಟಿದರೆ ಆಯಿತು. ಭುಜದಲ್ಲಾದರೋ ಸ್ನಾಯು, ಅಂಚು, ಚೀಲ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡಬೇಕು. ಸ್ವಲ್ಪ ಬಿಗಿಯಾಗಿ ಹೊಲಿದರೆ ತೋಳು ಹಿಂದಕ್ಕೆ ಬಾಗದು. ಸಡಿಲವಾದರೆ ಗುಂಡು ನಿಲ್ಲದು.

ಹಿರಿಯ ಪಿಚರ್‌ಗಳ ಅನುಭವವೂ ಒಂದೇ ತೆರನಾಗಿಲ್ಲ. ಕರ್ಟ್ ಶಿಲ್ಲಿಂಗ್ 2008ರಲ್ಲಿ 41ನೇ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಮತ್ತೆ ಒಂದು ಚೆಂಡನ್ನೂ ಎಸೆಯದೆ ಮರುವರ್ಷ ನಿವೃತ್ತಿ ಘೋಷಿಸಿದರು. ಯೋಹಾನ್ ಸಂತಾನಾ 2010ರಲ್ಲಿ ಕೀಲುಚೀಲದ ದುರಸ್ತಿ ಮಾಡಿಸಿಕೊಂಡು, 2011ರ ಇಡೀ ಋತುವನ್ನು ಕಳೆದುಕೊಂಡು, 2012ರ ಜೂನ್ 1ರಂದು ಎದುರಾಳಿಗೆ ಒಂದು 'ಹಿಟ್' ಕೂಡ ಬಿಟ್ಟುಕೊಡದ ಅಪೂರ್ವ ಸಾಧನೆ ಮಾಡಿದರು. ಅಂದು ಅವರು ಎಸೆದದ್ದು 134 ಚೆಂಡು. ಮರುವರ್ಷ ಅದೇ ಕೀಲುಚೀಲ ಮತ್ತೆ ಹರಿಯಿತು. ಮೇಜರ್ ಲೀಗ್‌ಗೆ ಅವರು ಮರಳಲೇ ಇಲ್ಲ.

ಇತ್ತೀಚಿನ ಉದಾಹರಣೆ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಕ್ಲೇಟನ್ ಕರ್ಶಾ. 2023ರ ನವೆಂಬರ್‌ನಲ್ಲಿ, 35ನೇ ವಯಸ್ಸಿನಲ್ಲಿ ಭುಜದ ಬಂಧಕ ಮತ್ತು ಕೀಲುಚೀಲಕ್ಕೆ ಶಸ್ತ್ರಚಿಕಿತ್ಸೆಯಾದಾಗ ಅವರ ಕಾಲ ಮುಗಿಯಿತೆಂದೇ ಅನೇಕರು ಎಣಿಸಿದ್ದರು. 2024ರ ಜುಲೈನಲ್ಲಿ ಅವರು ಮರಳಿದರು. 2025ರ ಜುಲೈ 2ರಂದು 3000ನೇ ಸ್ಟ್ರೈಕ್‌ಔಟ್ ಪಡೆದರು. ಆ ಋತುವಿನಲ್ಲಿ 11 ಗೆಲುವು, ಕೇವಲ 2 ಸೋಲು ಕಂಡು, ತಂಡ ವಿಶ್ವ ಸರಣಿ ಗೆದ್ದ ಸಂಭ್ರಮದಲ್ಲೇ ನಿವೃತ್ತರಾದರು. ಒಂದು ಕಾಲದಲ್ಲಿ ಗಂಟೆಗೆ 150 ಕಿ.ಮೀ. ಮುಟ್ಟುತ್ತಿದ್ದ ಅವರ ಚೆಂಡಿನ ವೇಗ ಆಗ 145 ಕಿ.ಮೀ.ಗಿಂತ ಕೆಳಗಿಳಿದಿತ್ತು. ವೇಗದಲ್ಲಿ ಕಳೆದುಕೊಂಡದ್ದನ್ನು ಅವರು ನಿಖರತೆಯಲ್ಲಿ ತುಂಬಿಕೊಂಡರು. ಕುಂಬ್ಳೆ ಮಾಡಿದ್ದೂ ಸ್ವಲ್ಪಮಟ್ಟಿಗೆ ಇದನ್ನೇ.

ಮರಳುವವರು ಯಾರು?

ಈ ಎಲ್ಲ ಉದಾಹರಣೆಗಳನ್ನು ಒಟ್ಟಿಗಿಟ್ಟು ನೋಡಿದರೆ ಫಲಿತಾಂಶವನ್ನು ನಿರ್ಧರಿಸುವ ಕೆಲವು ಅಂಶಗಳು ಎದ್ದು ಕಾಣುತ್ತವೆ.

ಮೊದಲನೆಯದು, ಹಾನಿಯ ಪ್ರಮಾಣ. ಭಾಗಶಃ ಸವೆದ ರಜ್ಜುವನ್ನು ಶುಚಿಗೊಳಿಸುವ ಚಿಕಿತ್ಸೆಗೂ, ಮೂಳೆಯಿಂದ ಪೂರ್ತಿ ಕಿತ್ತ ರಜ್ಜುವನ್ನು ಮತ್ತೆ ಜೋಡಿಸುವುದಕ್ಕೂ ಅಜಗಜಾಂತರ. ಎರಡನೆಯದು, ವಯಸ್ಸು. ವಯಸ್ಸಾದಂತೆ ರಜ್ಜುವಿಗೆ ಮೂಳೆಯೊಂದಿಗೆ ಬೆಸೆಯುವ ಶಕ್ತಿ ಕುಂದುತ್ತದೆ. ಧೂಮಪಾನ ಮತ್ತು ಹತೋಟಿ ತಪ್ಪಿದ ಮಧುಮೇಹ ಅದನ್ನು ಮತ್ತಷ್ಟು ಕುಗ್ಗಿಸುತ್ತವೆ. ಮೂರನೆಯದು, ಆಟದ ಬಗೆ. ಬರಿಯ ವೇಗವನ್ನೇ ನಂಬಿದವನಿಗಿಂತ ತಂತ್ರ ಬಲ್ಲವನಿಗೆ ಅವಕಾಶ ಹೆಚ್ಚು. ನಾಲ್ಕನೆಯದು, ಬಹುಶಃ ಎಲ್ಲಕ್ಕಿಂತ ಮುಖ್ಯವಾದುದು, ಪುನಶ್ಚೇತನದ ಶಿಸ್ತು.

ಇಂದು ಭುಜದ ಬಹುತೇಕ ಶಸ್ತ್ರಚಿಕಿತ್ಸೆಗಳು ಆರ್ತ್ರೋಸ್ಕೋಪಿ ವಿಧಾನದಲ್ಲಿ ನಡೆಯುತ್ತವೆ. ಕೆಲವು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಒಳಹೊಗಿಸಿ, ಹರಿದ ರಜ್ಜುವನ್ನು ಪುಟ್ಟ ಮೊಳೆಯಂತಹ ಆಧಾರಗಳಿಗೆ ದಾರದಿಂದ ಬಿಗಿಯಲಾಗುತ್ತದೆ. ಗಾಯದ ಗುರುತು ಚಿಕ್ಕದು, ಆಸ್ಪತ್ರೆಯ ವಾಸ ಒಂದೆರಡು ದಿನ. ಇದರಿಂದಲೇ ರೋಗಿ ಮೋಸಹೋಗುವ ಅಪಾಯವೂ ಇದೆ. ಚರ್ಮ ಮಾಯ್ದಷ್ಟು ಬೇಗ ಒಳಗಿನ ರಜ್ಜು ಮಾಯುವುದಿಲ್ಲ.

ಸಾಮಾನ್ಯವಾಗಿ ಮೊದಲ ನಾಲ್ಕರಿಂದ ಆರು ವಾರ ತೋಳು ಜೋಳಿಗೆಯಲ್ಲಿರಬೇಕು. ಆ ಅವಧಿಯಲ್ಲಿ ಫಿಸಿಯೊಥೆರಪಿಸ್ಟ್ ತೋಳನ್ನು ಮೃದುವಾಗಿ ಚಲಿಸುತ್ತಾರೆ. ರೋಗಿ ಸ್ವತಃ ಬಲ ಹಾಕುವಂತಿಲ್ಲ. ಮೂರನೇ ತಿಂಗಳ ಹೊತ್ತಿಗೆ ಸ್ನಾಯು ಬಲಪಡಿಸುವ ವ್ಯಾಯಾಮ ಆರಂಭ. ನಾಲ್ಕರಿಂದ ಆರನೇ ತಿಂಗಳಲ್ಲಿ ಹತ್ತಿರದಿಂದ, ಮೆಲ್ಲನೆ ಚೆಂಡೆಸೆಯುವ ಅಭ್ಯಾಸ. ಸ್ಪರ್ಧಾತ್ಮಕ ಪಂದ್ಯಕ್ಕೆ ಒಂಬತ್ತರಿಂದ ಹನ್ನೆರಡು ತಿಂಗಳು, ದೊಡ್ಡ ಹರಿತವಾದರೆ ಇನ್ನೂ ಹೆಚ್ಚು. ಕುಂಬ್ಳೆ ಮತ್ತು ಕರ್ಶಾ ಇಬ್ಬರೂ ಒಂಬತ್ತು ಹತ್ತು ತಿಂಗಳಲ್ಲಿ ಮರಳಿದ್ದು ಆಕಸ್ಮಿಕವಲ್ಲ. ಅವರ ಬೆನ್ನಿಗೆ ವೈದ್ಯರು, ಫಿಸಿಯೊ ಮತ್ತು ತರಬೇತುದಾರರ ತಂಡವಿತ್ತು.

ನಮ್ಮ ತಾಲ್ಲೂಕುಗಳ ವಾಸ್ತವ

ತೊಡಕಿರುವುದು ಇಲ್ಲಿಯೇ. ಗೋಕಾಕ, ಮೂಡಲಗಿ ಅಥವಾ ಹುಕ್ಕೇರಿಯ ಆಟಗಾರ ಶಸ್ತ್ರಚಿಕಿತ್ಸೆಗಾಗಿ ಬೆಳಗಾವಿಗೆ ಹೋಗಿ ಬರಬಹುದು. ಆದರೆ ಅನಂತರದ ಆರು ತಿಂಗಳು ವಾರಕ್ಕೆ ಎರಡು ಮೂರು ಬಾರಿ ಫಿಸಿಯೊಥೆರಪಿಗೆ ಓಡಾಡುವುದು ದುಡಿದು ತಿನ್ನುವವನಿಗೆ ಸುಲಭದ ಮಾತಲ್ಲ. ಒಂದು ದಿನದ ಓಡಾಟವೆಂದರೆ ಒಂದು ದಿನದ ಕೂಲಿ ಖೋತಾ. ಹೀಗಾಗಿ ನೋವು ತಗ್ಗಿದೊಡನೆ ವ್ಯಾಯಾಮ ನಿಲ್ಲುತ್ತದೆ. ಮತ್ತೆ ಚೆಂಡು ಹಿಡಿದಾಗ ದುರ್ಬಲ ಸ್ನಾಯುವಿನ ಮೇಲೆ ಹಳೆಯ ಹೊರೆಯೇ ಬೀಳುತ್ತದೆ.

ಇಲ್ಲಿ ಚೆಂಡೆಸೆಯುವವರಲ್ಲಿ ಹೆಚ್ಚಿನವರು ಆಟದಿಂದ ಬದುಕುವವರಲ್ಲ. ಕಬ್ಬು ಕಡಿಯುವ, ಚೀಲ ಹೊರುವ, ಗ್ಯಾರೇಜಿನಲ್ಲಿ ದುಡಿಯುವ ತೋಳೇ ಸಂಜೆ ಬೌಲಿಂಗ್ ಮಾಡುತ್ತದೆ. ಆಟಗಾರನಿಗೆ ಭುಜ ಹೋದರೆ ಹೋಗುವುದು ಬರಿಯ ಆಟವಲ್ಲ, ಮನೆಯ ಅನ್ನವೂ ಹೌದು. ಅದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಯ ಲಾಭ ನಷ್ಟವನ್ನು ಅವನು ಪಿಚರ್‌ನ ಅಳತೆಗೋಲಿನಿಂದ ಅಳೆಯಬೇಕಾಗಿಲ್ಲ. ನೋವು ಕಡಿಮೆಯಾಗಬೇಕು, ತಲೆಯ ಮೇಲಕ್ಕೆ ಕೈ ಎತ್ತುವಂತಾಗಬೇಕು, ರಾತ್ರಿ ನಿದ್ದೆ ಬರಬೇಕು ಎಂಬುದು ಗುರಿಯಾದರೆ ರೊಟೇಟರ್ ಕಫ್ ಶಸ್ತ್ರಚಿಕಿತ್ಸೆ ಬಹುಪಾಲು ಜನರಿಗೆ ಒಳ್ಳೆಯ ಫಲವನ್ನೇ ನೀಡುತ್ತದೆ. ಗಂಟೆಗೆ 140 ಕಿ.ಮೀ. ವೇಗವೇ ಬೇಕೆಂದಾಗ ಮಾತ್ರ ಲೆಕ್ಕಾಚಾರ ಕಠಿಣವಾಗುತ್ತದೆ.

ಟೆನಿಸ್ ಚೆಂಡು ಹಗುರ, ಆದ್ದರಿಂದ ಭುಜಕ್ಕೆ ಅಪಾಯವಿಲ್ಲ ಎಂಬ ನಂಬಿಕೆಯೂ ವ್ಯಾಪಕವಾಗಿದೆ. ಇದು ಪೂರ್ತಿ ನಿಜವಲ್ಲ. ಭುಜ ತಡೆಯಬೇಕಾದದ್ದು ಚೆಂಡಿನ ತೂಕಕ್ಕಿಂತ ಹೆಚ್ಚಾಗಿ ಬೀಸಿ ಬರುವ ತೋಳಿನ ತೂಕವನ್ನು. ಮೈ ಬಿಸಿ ಮಾಡಿಕೊಳ್ಳದೆ ನೇರವಾಗಿ ಪೂರ್ಣ ವೇಗಕ್ಕೆ ಇಳಿಯುವುದು, ದಿನಕ್ಕೆ ಮೂರು ಪಂದ್ಯ ಆಡುವುದು, ನೋವಿನ ಮಾತ್ರೆ ನುಂಗಿ ಫೈನಲ್ ಆಡುವುದು ಇವೆಲ್ಲವೂ ಹಾನಿಯನ್ನು ಬೆಳೆಸುತ್ತವೆ.

ಅಮೆರಿಕದಲ್ಲಿ 2014ರಲ್ಲಿ ಜಾರಿಗೆ ಬಂದ 'ಪಿಚ್ ಸ್ಮಾರ್ಟ್' ಮಾರ್ಗಸೂಚಿಯ ಪ್ರಕಾರ 13-14 ವರ್ಷದ ಬಾಲಕ ದಿನಕ್ಕೆ 95ಕ್ಕಿಂತ ಹೆಚ್ಚು ಚೆಂಡು ಎಸೆಯುವಂತಿಲ್ಲ. 66 ದಾಟಿದರೆ ನಾಲ್ಕು ದಿನದ ವಿಶ್ರಾಂತಿ ಬೇಕು. ನಮ್ಮ ಪಂದ್ಯಾವಳಿಗಳ ಸಂಘಟಕರು ಬಹುಮಾನದ ಮೊತ್ತದ ಜೊತೆಗೆ ಎಳೆಯ ಬೌಲರ್‌ಗಳ ಓವರ್‌ಗಳಿಗೂ ಒಂದು ಮಿತಿ ಹಾಕಿದರೆ ಖರ್ಚಿಲ್ಲದೆ ಎಷ್ಟೋ ಭುಜಗಳು ಉಳಿದಾವು.

ಆತುರದ ನಿರ್ಧಾರ ಬೇಡ

ಎಂಆರ್‌ಐ ಚಿತ್ರದಲ್ಲಿ ಹರಿತ ಕಂಡೊಡನೆ ಶಸ್ತ್ರಚಿಕಿತ್ಸೆ ಎಂದು ನಿರ್ಧರಿಸುವುದೂ ಸರಿಯಲ್ಲ. ಯಾವುದೇ ನೋವಿಲ್ಲದ 31 ಪಿಚರ್‌ಗಳನ್ನು ಡಾ. ಆ್ಯಂಡ್ರೂಸ್ ಒಮ್ಮೆ ಎಂಆರ್‌ಐಗೆ ಒಳಪಡಿಸಿದಾಗ ಹತ್ತರಲ್ಲಿ ಒಂಬತ್ತು ಮಂದಿಯ ಭುಜದಲ್ಲಿ ಏನಾದರೊಂದು ದೋಷ ಕಂಡುಬಂದಿತ್ತು. ವರ್ಷಗಟ್ಟಲೆ ಚೆಂಡೆಸೆದ ಭುಜ ಚಿತ್ರದಲ್ಲಿ ಸ್ವಚ್ಛವಾಗಿ ಕಾಣುವುದು ಅಪರೂಪ. ಆದ್ದರಿಂದ ಮೂರರಿಂದ ಆರು ತಿಂಗಳ ವಿಶ್ರಾಂತಿ ಮತ್ತು ಕ್ರಮಬದ್ಧ ವ್ಯಾಯಾಮ ಮೊದಲ ಮದ್ದು. ಬಿದ್ದು ಪೆಟ್ಟಾಗಿ ಕೈ ಎತ್ತಲಾಗದಿದ್ದರೆ, ಭುಜ ಪದೇ ಪದೇ ಜಾರುತ್ತಿದ್ದರೆ, ರಾತ್ರಿ ನೋವು ವಾರಗಟ್ಟಲೆ ತಗ್ಗದಿದ್ದರೆ ಮಾತ್ರ ತಡಮಾಡದೆ ಮೂಳೆತಜ್ಞರನ್ನು ಕಾಣಬೇಕು. ಅಂತಹ ಭುಜವನ್ನು ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದು, ಜಗ್ಗಿಸುವುದು ಸಲ್ಲದು.

ವೈದ್ಯರ ಮುಂದೆ ಕುಳಿತಾಗ ಆಟಗಾರ ಮತ್ತು ಅವನ ಮನೆಯವರು ಕೇಳಬೇಕಾದ ಪ್ರಶ್ನೆಗಳು ಇಷ್ಟು:

* ಹರಿತ ಭಾಗಶಃವೋ, ಪೂರ್ಣವೋ? ಯಾವ ಭಾಗದಲ್ಲಿ?
* ಶಸ್ತ್ರಚಿಕಿತ್ಸೆ ಇಲ್ಲದೆ ವ್ಯಾಯಾಮದಿಂದ ಎಷ್ಟು ಸುಧಾರಿಸಬಹುದು?
* ದುಡಿಮೆಗೆ ಎಷ್ಟು ತಿಂಗಳಲ್ಲಿ ಮರಳಬಹುದು? ಬೌಲಿಂಗ್‌ಗೆ ಎಷ್ಟು ತಿಂಗಳು?
* ಫಿಸಿಯೊಥೆರಪಿ ಹತ್ತಿರದಲ್ಲಿ ಎಲ್ಲಿ ಲಭ್ಯ? ಮನೆಯಲ್ಲೇ ಮಾಡಬಹುದಾದ ವ್ಯಾಯಾಮ ಯಾವುವು?

ಒಟ್ಟಿನಲ್ಲಿ, ಹಿರಿಯ ಬೌಲರ್ ಭುಜದ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುವುದು ಅಸಾಧ್ಯವೇನಲ್ಲ. ಮೊದಲಿನ ವೇಗದಲ್ಲೇ ಮರಳುವುದು ಮಾತ್ರ ಅಪರೂಪ. ಮರಳಿದವರಲ್ಲಿ ಹಲವರು ಹಳೆಯ ತೋಳನ್ನೇ ಹುಡುಕುತ್ತ ಕೂರಲಿಲ್ಲ, ಉಳಿದ ತೋಳಿಗೆ ತಕ್ಕ ಬೌಲಿಂಗ್ ಕಲಿತರು. ಮೂವತ್ತರಲ್ಲಿ ಭುಜ ಹೊಲಿಸಿಕೊಂಡ ಕುಂಬ್ಳೆ ಆ ಮೇಲೆ ಏಳು ವರ್ಷ ಭಾರತಕ್ಕಾಗಿ ಟೆಸ್ಟ್ ಆಡಿದರು, ಕೊನೆಯ ಒಂದು ವರ್ಷ ಟೆಸ್ಟ್ ತಂಡದ ನಾಯಕರೂ ಆದರು. 'ಭುಜ ಹೋಯ್ತ್ರಿ' ಎಂದು ಚೆಂಡು ಕೆಳಗಿಡುವ ಮೊದಲು ಈ ಲೆಕ್ಕವನ್ನೂ ನೆನಪಿಟ್ಟುಕೊಳ್ಳುವುದು ಒಳಿತು.